ಹೊಟ್ಟೆಗೆ ಬುದ್ಧಿ ಹೇಳುವ ದನಿ: ಫೋನಿನದೋ, ಮನುಷ್ಯರದೋ?

ಅರಸೀಕೆರೆಯಲ್ಲಿ ನಾನೊಂದು ಮೆಡಿಕಲ್ ಷಾಪ್ ನಡೆಸುತ್ತೇನೆ. ಬೆಳಿಗ್ಗೆ ಷಟರ್ ಎತ್ತಿದ ಕೂಡಲೇ ಖರ್ಚಾಗುವುದು ಜಗಿಯುವ ಗ್ಯಾಸ್ ಮಾತ್ರೆ. ರಾತ್ರಿ ಷಟರ್ ಎಳೆಯುವ ಹೊತ್ತಿಗೆ ಬರುವವರು ಕೇಳುವುದು ನಿದ್ದೆ ಮಾತ್ರೆ. ಮೊದಲನೆಯದನ್ನು ಕೊಡುತ್ತೇನೆ, ಎರಡನೆಯದಕ್ಕೆ ಡಾಕ್ಟರ ಚೀಟಿ ಕೇಳುತ್ತೇನೆ. ಚೀಟಿ ಕೇಳಿದರೆ ಮುಖ ಸಿಂಡರಿಸಿಕೊಂಡು ಮುಂದಿನ ಅಂಗಡಿಗೆ ಹೋಗುವವರೇ ಜಾಸ್ತಿ. ಈಚೆಗೆ ಈ ಎರಡೂ ಪೈಕಿಯವರು ಹೊಸದೊಂದು ಪ್ರಶ್ನೆ ತರುತ್ತಿದ್ದಾರೆ. "ಅಕ್ಕ, ಫೋನಲ್ಲಿ ಹಿಪ್ನಾಟಿಸಂ ಆ್ಯಪ್ ಬಂದಿದ್ಯಂತಲ್ಲ, ಕಿವಿಗೆ ಹಾಕ್ಕೊಂಡು ಮಲಗಿದ್ರೆ ನಿದ್ದೆ ಬರುತ್ತಂತೆ, ಹೊಟ್ಟೆನೋವೂ ಹೋಗುತ್ತಂತೆ. ನಿಜಾನ?" ಇನ್ನು ಕೆಲವರು ಬೆಂಗಳೂರಿನ ಯಾರೋ ಹಿಪ್ನೋಥೆರಪಿಸ್ಟ್ ಹೆಸರು ಹೇಳಿ, ಅಷ್ಟು ದುಡ್ಡು ಕೊಡುವುದು ದಂಡವಲ್ಲವೇ ಎಂದು ಕೇಳುತ್ತಾರೆ.

ಕೌಂಟರಿನ ಆಚೆ ನಾಲ್ಕು ಜನ ಕಾಯುತ್ತಿರುವಾಗ ಇದಕ್ಕೆ ಉತ್ತರ ಹೇಳಲಿಕ್ಕಾಗುವುದಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ನನ್ನದೂ ಒಂದು ಸ್ವಂತ ಬಾಬತ್ತಿದೆ.

ನನಗೆ ಐಬಿಎಸ್, ಅಂದರೆ ಇರಿಟಬಲ್ ಬವೆಲ್ ಸಿಂಡ್ರೋಮ್ ಇದೆ. ಕರುಳಿಗೆ ಕ್ಯಾಮೆರಾ ಇಳಿಸಿ ನೋಡಿದರೆ ಹುಣ್ಣಿಲ್ಲ, ಗಂಟಿಲ್ಲ. ರಕ್ತ ಪರೀಕ್ಷೆಯೂ ಚೆನ್ನಾಗಿಯೇ ಬರುತ್ತದೆ. ಆದರೆ ಹೊಟ್ಟೆ ಹಿಂಡುತ್ತದೆ, ಉಬ್ಬರಿಸುತ್ತದೆ. ಕೆಲವರಿಗೆ ಭೇದಿ, ಕೆಲವರಿಗೆ ಮಲಬದ್ಧತೆ, ಕೆಲವರಿಗೆ ಸರದಿಯ ಮೇಲೆ ಎರಡೂ. ನನ್ನದು ಭೇದಿಯ ಪೈಕಿ. ಮದುವೆ ಛತ್ರಕ್ಕೆ ಕಾಲಿಟ್ಟರೆ ಹೆಣ್ಣುಗಂಡನ್ನು ನೋಡುವ ಮೊದಲು ಟಾಯ್ಲೆಟ್ ಯಾವ ಕಡೆ ಎಂದು ನೋಡಿಕೊಳ್ಳುತ್ತೇನೆ. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವುದನ್ನು ಬಿಟ್ಟು ಎಷ್ಟೋ ವರ್ಷವಾಯಿತು. ರೈಲ್ವೆ ಜಂಕ್ಷನ್ ಇರುವ ಊರಿಗೆ ಸೊಸೆಯಾಗಿ ಬಂದದ್ದು ನನ್ನ ಪುಣ್ಯ. ಮೆಬೆವರಿನ್, ಇಸಬ್‌ಗೋಲ್, ಪ್ರೋಬಯಾಟಿಕ್ ಎಲ್ಲವೂ ಆಗಿದ್ದವು. ಕಡೆಗೆ ಗ್ಯಾಸ್ಟ್ರೋ ಡಾಕ್ಟರೊಬ್ಬರು, "ಹಿಪ್ನೋಥೆರಪಿ ಮಾಡಿಸಿ ನೋಡಿ ಮೇಡಂ, ಐಬಿಎಸ್‌ಗೆ ಅದರಲ್ಲಿ ಒಳ್ಳೆ ಪುರಾವೆ ಇದೆ" ಎಂದಾಗ ನನಗೆ ನಗು ಬಂತು. ಬಿ.ಫಾರ್ಮ್ ಓದಿದವಳಿಗೆ ವಶೀಕರಣದ ಸಲಹೆಯೇ ಅನ್ನಿಸಿತು.

ನನ್ನ ತಲೆಯಲ್ಲಿದ್ದ ಹಿಪ್ನಾಟಿಸಂ ಹೈಸ್ಕೂಲಿನ ಕಾಲದ್ದು. ಗಣೇಶೋತ್ಸವದ ಪೆಂಡಾಲಿನಲ್ಲಿ ಕರಿ ಕೋಟಿನ ಒಬ್ಬರು ಬಂದು, ಎಲ್ಲರೂ ಎರಡೂ ಕೈ ಬೆರಳು ಹೆಣೆದುಕೊಳ್ಳಿ, ಗಟ್ಟಿಯಾಗಿ ಹಿಡಿಯಿರಿ, ಈಗ ಬಿಡಿಸಲು ಬರುವುದಿಲ್ಲ ಎಂದರು. ನೂರಾರು ಮಕ್ಕಳಲ್ಲಿ ಬೆರಳು ನಿಜಕ್ಕೂ ಬಿಡಿಸಲಾಗದೆ ಒದ್ದಾಡಿದ ಏಳೆಂಟು ಜನರನ್ನು ಸ್ಟೇಜಿಗೆ ಕರೆದರು. ಅವರಲ್ಲೊಬ್ಬ ಹುಡುಗ ಹಸಿ ಈರುಳ್ಳಿಯನ್ನು ಸೇಬಿನ ಹಾಗೆ ಕಚ್ಚಿ ತಿಂದ. ಊರೆಲ್ಲ ಬೆರಗಾಯಿತು. ಆ ಬೆರಳಿನ ಆಟವೇ ಜರಡಿ ಎನ್ನುವುದು ನನಗೆ ಗೊತ್ತಾದದ್ದು ತೀರಾ ಈಚೆಗೆ. ಸೂಚನೆಗೆ ಯಾರು ಎಷ್ಟು ಬೇಗ ಒಳಗಾಗುತ್ತಾರೆ ಎಂದು ಅಳೆಯಲು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ವೈಟ್‌ಜೆನ್‌ಹಾಫರ್ ಮತ್ತು ಹಿಲ್ಗಾರ್ಡ್ 1959ರಲ್ಲಿ ಒಂದು ಮಾಪನವನ್ನೇ ಮಾಡಿದರು. ಬೆರಳು ಹೆಣೆಯುವುದು ಅದರ ಪರೀಕ್ಷೆಗಳಲ್ಲೊಂದು. ನೂರರಲ್ಲಿ ಹತ್ತು ಹದಿನೈದು ಜನ ಬಲು ಸುಲಭವಾಗಿ ಒಳಗಾಗುತ್ತಾರೆ. ಹೆಚ್ಚುಕಡಿಮೆ ಅಷ್ಟೇ ಜನಕ್ಕೆ ಏನು ಮಾಡಿದರೂ ನಾಟುವುದಿಲ್ಲ. ಮಿಕ್ಕ ನಾವೆಲ್ಲ ನಡುವಿನವರು. ಸ್ಟೇಜಿನವರಿಗೆ ಬೇಕಾದದ್ದು ಆ ಮೊದಲಿನ ಗುಂಪು.

ಸ್ಟೇಜಿನ ಆಟ ನೋಡಿಯೇ ವೈದ್ಯಕೀಯದ ಹಿಪ್ನಾಟಿಸಂ ಹುಟ್ಟಿದ್ದು ಎನ್ನುವುದು ಇನ್ನೊಂದು ತಮಾಷೆ. ಹದಿನೆಂಟನೇ ಶತಮಾನದಲ್ಲಿ ಫ್ರಾಂಜ್ ಮೆಸ್ಮರ್ ಎಂಬಾತ, ತನ್ನ ಮೈಯಿಂದ ಒಂದು ಕಾಂತಶಕ್ತಿ ಹರಿದು ರೋಗಿಗೆ ವಾಸಿಯಾಗುತ್ತದೆ ಎಂದು ಪ್ಯಾರಿಸ್ಸಿನಲ್ಲಿ ಭಾರೀ ಹೆಸರು ಮಾಡಿದ್ದ. ಬೆಂಜಮಿನ್ ಫ್ರಾಂಕ್ಲಿನ್, ಲವಾಸಿಯೇ ಇದ್ದ ಸಮಿತಿಯೊಂದು 1784ರಲ್ಲಿ ಪರೀಕ್ಷಿಸಿ, ಅಂಥ ಶಕ್ತಿ ಇಲ್ಲ, ಇದು ಕಲ್ಪನೆಯ ಕೆಲಸ ಎಂದಿತು. ಮುಂದೆ 1841ರಲ್ಲಿ ಮ್ಯಾಂಚೆಸ್ಟರಿನಲ್ಲಿ ಅಂಥದ್ದೇ ಪ್ರದರ್ಶನ ನೋಡಲು ಜೇಮ್ಸ್ ಬ್ರೇಡ್ ಎಂಬ ಸರ್ಜನ್ ಹೋದ, ಮೋಸ ಬಯಲಿಗೆಳೆಯುವ ಉತ್ಸಾಹದಲ್ಲಿ. ಅಲ್ಲಿ ಕಂಡದ್ದರಲ್ಲಿ ಸ್ವಲ್ಪ ನಿಜ ಇದೆ ಅನ್ನಿಸಿ ಮನೆಯವರ ಮೇಲೆ, ಸ್ನೇಹಿತರ ಮೇಲೆ ಪ್ರಯೋಗ ಮಾಡಿದ. ಕಣ್ಣನ್ನು ಒಂದೇ ಕಡೆ ನೆಟ್ಟು, ಗಮನವನ್ನು ಒಂದೇ ವಿಷಯಕ್ಕೆ ಕಟ್ಟಿದರೆ ಆ ಸ್ಥಿತಿ ತಾನಾಗಿ ಬರುತ್ತದೆ, ಎದುರಿಗಿದ್ದವನ ಶಕ್ತಿ ಏನೂ ಬೇಕಿಲ್ಲ ಎನ್ನುವುದು ಅವನಿಗೆ ಕಂಡಿತು. ತನ್ನ ಸಂಧಿವಾತದ ನೋವಿಗೆ ತಾನೇ ತನ್ನ ಮೇಲೆ ಪ್ರಯೋಗಿಸಿಕೊಂಡದ್ದನ್ನೂ ಬರೆದಿಟ್ಟಿದ್ದಾನೆ. ಕೆಲಸ ನಡೆಯುವುದು ಕೇಳುವವನ ತಲೆಯೊಳಗೆ ಎಂದಾದ ಮೇಲೆ, ಹೇಳುವ ದನಿ ಎದುರಿನ ಕುರ್ಚಿಯಿಂದ ಬಂದರೇನು, ಫೋನಿನಿಂದ ಬಂದರೇನು? ಆ್ಯಪ್ ಮಾಡುವವರ ವಾದಕ್ಕೆ ಬ್ರೇಡನೇ ಮೂಲಪುರುಷ.

ನಮ್ಮ ದೇಶಕ್ಕೂ ಇದರಲ್ಲಿ ಪಾಲಿದೆ. 1845ರಲ್ಲಿ ಬಂಗಾಳದ ಹೂಗ್ಲಿಯಲ್ಲಿ ಜೇಮ್ಸ್ ಎಸ್ಡೇಲ್ ಎಂಬ ಸ್ಕಾಟ್ಲೆಂಡಿನ ಸರ್ಜನ್, ರೋಗಿಗಳನ್ನು ಗಂಟೆಗಟ್ಟಲೆ ಈ ಸ್ಥಿತಿಗೆ ಇಳಿಸಿ ದೊಡ್ಡ ದೊಡ್ಡ ಗೆಡ್ಡೆಗಳನ್ನು ಕೊಯ್ದು ತೆಗೆದ. ಅವನಿಗಾಗಿ ಕಲ್ಕತ್ತೆಯಲ್ಲಿ ಒಂದು ಆಸ್ಪತ್ರೆಯೂ ತೆರೆಯಿತು. ಅಷ್ಟರಲ್ಲಿ ಈಥರ್, ಕ್ಲೋರೋಫಾರ್ಮ್ ಬಂದವು. ಮೂಗಿಗೆ ಬಟ್ಟೆ ಹಿಡಿದರೆ ಕೆಲಸ ಆಗುವಾಗ ಅಷ್ಟು ಹೊತ್ತು ಕೂರುವವರು ಯಾರು!

ಹೊಟ್ಟೆಯ ಕಥೆ ಶುರುವಾಗುವುದೂ ಮ್ಯಾಂಚೆಸ್ಟರಿನಲ್ಲೇ. ಪೀಟರ್ ವೊರ್ವೆಲ್ ಎಂಬ ಗ್ಯಾಸ್ಟ್ರೋ ತಜ್ಞರು ಯಾವ ಔಷಧಕ್ಕೂ ಬಗ್ಗದ ಐಬಿಎಸ್ ಇದ್ದ 30 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಿಪ್ನೋಥೆರಪಿ, ಇನ್ನೊಂದಕ್ಕೆ ಮಾತುಕತೆಯ ಚಿಕಿತ್ಸೆ ಜೊತೆಗೆ ಹುಸಿ ಮಾತ್ರೆ ಕೊಟ್ಟರು. ಮೊದಲ ಗುಂಪು ಎಷ್ಟೋ ಮುಂದಿತ್ತು. 1984ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅಲ್ಲಿಂದಾಚೆ ಅದೇ ಊರಿನ ಕ್ಲಿನಿಕ್ 1,000 ರೋಗಿಗಳ ಲೆಕ್ಕವನ್ನು 2015ರಲ್ಲಿ ಮುಂದಿಟ್ಟಿತು. ಅವರಲ್ಲಿ ಶೇಕಡಾ 76 ಜನಕ್ಕೆ ಗಣನೀಯ ಗುಣ ಕಂಡಿತ್ತು. ಬ್ರಿಟನ್ನಿನ ಸರ್ಕಾರಿ ಮಾರ್ಗಸೂಚಿಯೂ ವರ್ಷಕಾಲ ಔಷಧ ತೆಗೆದುಕೊಂಡು ಗುಣ ಕಾಣದವರಿಗೆ ಇದನ್ನು ಯೋಚಿಸಬಹುದು ಎನ್ನುತ್ತದೆ.

ಇದು ಮಾಡುವುದಾದರೂ ಏನು? ಕರುಳಿಗೂ ಮಿದುಳಿಗೂ ನಡುವೆ ನರಗಳ ಹೋಗಿಬರುವ ದಾರಿ ಇದೆ. ಐಬಿಎಸ್ ಇದ್ದವರಲ್ಲಿ ಕರುಳಿನ ಸಾಮಾನ್ಯ ಚಲನೆಯೂ ಮಿದುಳಿಗೆ ನೋವಾಗಿ ಮುಟ್ಟುತ್ತದೆ. ಆ ಗಾಬರಿಗೆ ಕರುಳು ಇನ್ನಷ್ಟು ಬಿಗಿಯುತ್ತದೆ. ಪರೀಕ್ಷೆಯ ದಿನ ಮಕ್ಕಳಿಗೆ ಹೊಟ್ಟೆ ಕೆಡುವುದು ಎಲ್ಲರಿಗೂ ಗೊತ್ತು. ನಮ್ಮಂಥವರಿಗೆ ದಿನವೂ ಪರೀಕ್ಷೆ. ಹಿಪ್ನೋಥೆರಪಿಯಲ್ಲಿ ಮೈಯನ್ನು ಸಡಿಲಿಸಿ, ಗಮನವನ್ನು ಹೊಟ್ಟೆಯ ಮೇಲಿಟ್ಟ ಕೈಯ ಬಿಸುಪಿಗೆ ತಂದು, ಹರಿಯುವ ನೀರಿನಂಥ ಒಂದು ಚಿತ್ರದ ಮೂಲಕ ಕರುಳಿನ ನಡೆಯನ್ನು ಹತೋಟಿಗೆ ತರುವ ಅಭ್ಯಾಸ ಮಾಡಿಸುತ್ತಾರೆ. ನಿದ್ದೆ ಬರುವುದಿಲ್ಲ, ಪ್ರಜ್ಞೆ ತಪ್ಪುವುದಿಲ್ಲ. ಹೊರಗೆ ತರಕಾರಿಯವನು ಕೂಗಿದ್ದೂ ಕೇಳುತ್ತಿರುತ್ತದೆ. ಗುಟ್ಟೆಲ್ಲ ಬಾಯಿಬಿಟ್ಟುಬಿಡುತ್ತೇನೇನೋ ಎಂದು ಹೆದರುವವರು ಇದನ್ನು ಪೊಲೀಸರ ನಾರ್ಕೋ ಪರೀಕ್ಷೆಯ ಜೊತೆ ಗಂಟುಹಾಕುತ್ತಾರೆ. ಅದು ಸೋಡಿಯಂ ಪೆಂಟೋಥಾಲ್‌ನಂಥ ಔಷಧ ಚುಚ್ಚಿ ಮಾಡುವುದು. ಒಪ್ಪಿಗೆ ಇಲ್ಲದೆ ಅದನ್ನು ಮಾಡುವಂತಿಲ್ಲ ಎಂದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2010ರಲ್ಲೇ ಹೇಳಿಯಾಗಿದೆ. ಇದಕ್ಕೂ ಅದಕ್ಕೂ ಸಂಬಂಧವಿಲ್ಲ.

ಡಾಕ್ಟರ್ ಹೇಳಿದ ಮೇಲೂ ನಾನು ಮೊದಲು ಹಿಡಿದದ್ದು ಆ್ಯಪ್ ದಾರಿಯನ್ನೇ. ಕಾರಣ ಸರಳ: ಅಂಗಡಿ ಬಿಟ್ಟು ವಾರವಾರ ಬೆಂಗಳೂರಿಗೆ ಹೋಗುವುದು ಯಾರಿಂದಾಗುತ್ತದೆ? ಆ್ಯಪಿನಲ್ಲಿ ದಿನಕ್ಕೆ ಕಾಲು ಗಂಟೆಯ ಒಂದು ಪಾಠ. ಇಂಗ್ಲಿಷಿನಲ್ಲಿ ಒಬ್ಬ ಗಂಡಸು ತುಂಬ ನಯವಾಗಿ ಮಾತಾಡುತ್ತಾನೆ. ಮಧ್ಯಾಹ್ನ ಅಂಗಡಿ ಹುಡುಗನಿಗೆ ಕೌಂಟರ್ ಒಪ್ಪಿಸಿ, ಹಿಂದಿನ ಸ್ಟಾಕ್ ರೂಮಿನಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ಚಾಪೆ ಹಾಸಿಕೊಂಡು ಕೇಳುತ್ತಿದ್ದೆ. ಹಾಯಾಗಿತ್ತು, ಸುಳ್ಳು ಹೇಳುವುದಿಲ್ಲ. ಭುಜ, ದವಡೆ ಸಡಿಲವಾಗುತ್ತಿತ್ತು, ಉಸಿರು ನಿಧಾನವಾಗುತ್ತಿತ್ತು, ರಾತ್ರಿ ನಿದ್ದೆ ಮೊದಲಿಗಿಂತ ಬೇಗ ಹತ್ತುತ್ತಿತ್ತು. ಹೊಟ್ಟೆ ಮಾತ್ರ ತನ್ನ ಪಾಡಿಗೆ ತಾನಿತ್ತು. ಪಾಠದ ಕಡೆಯಲ್ಲಿ ಆತ ನನ್ನನ್ನು ಸಮುದ್ರದ ದಂಡೆಗೆ ಕರೆದೊಯ್ಯುತ್ತಿದ್ದ, ಅಲೆಗಳ ಸದ್ದು ಬರುತ್ತಿತ್ತು. ಸಮುದ್ರ ಎಂದರೆ ನನಗೆ ನೆನಪಾಗುವುದು ಮುರುಡೇಶ್ವರದ ಪ್ರವಾಸದಲ್ಲಿ ಟಾಯ್ಲೆಟ್ ಹುಡುಕಿಕೊಂಡು ಓಡಿದ್ದು! ಅಲೆ ಬಂದಷ್ಟೂ ಹೊಟ್ಟೆಯೊಳಗೂ ಅಲೆ ಏಳುತ್ತಿತ್ತು. ಇದನ್ನು ಆತನಿಗೆ ಹೇಳುವ ದಾರಿ ಇರಲಿಲ್ಲ. ನಾಳೆ ಮತ್ತೆ ಅದೇ ದಂಡೆ.

ಆ್ಯಪ್‌ಗಳಲ್ಲಿ ಎಲ್ಲವೂ ಒಂದೇ ತರಹದವಲ್ಲ. ಆಸ್ಟ್ರೇಲಿಯಾ ಮೂಲದ ನರ್ವಾ ಎನ್ನುವುದು ಐಬಿಎಸ್‌ಗೆಂದೇ ಇರುವ ಆರು ವಾರದ ಕಾರ್ಯಕ್ರಮ. ಸ್ಟ್ಯಾನ್‌ಫರ್ಡಿನ ಮನೋವೈದ್ಯ ಡೇವಿಡ್ ಸ್ಪೀಗಲ್ ಜೊತೆಗಿದ್ದು ರೂಪಿಸಿದ ರೆವೆರಿ ಎನ್ನುವುದು ನೋವು, ನಿದ್ದೆ, ಆತಂಕ ಎಲ್ಲಕ್ಕೂ ಕೈಹಾಕುತ್ತದೆ, ನಡುನಡುವೆ ನಿಮ್ಮನ್ನೇ ಪ್ರಶ್ನೆ ಕೇಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2021ರಲ್ಲಿ ರೆಗ್ಯುಲೋರಾ ಎಂಬ ಆ್ಯಪಿಗೆ ಐಬಿಎಸ್ ಹೊಟ್ಟೆನೋವಿಗಾಗಿ ಅನುಮತಿ ಕೊಟ್ಟಿತು, ಅದೂ ಡಾಕ್ಟರ ಚೀಟಿಯ ಮೇಲೆ. ಅದರ ಪರೀಕ್ಷೆಯಲ್ಲಿ ಹೋಲಿಕೆಗೆಂದು ಇನ್ನೊಂದು ಗುಂಪಿಗೆ ಬರೀ ಸ್ನಾಯು ಸಡಿಲಿಸುವ ಅಭ್ಯಾಸವನ್ನು ಫೋನಿನಲ್ಲೇ ಕೊಟ್ಟಿದ್ದರು. ಎರಡೂ ಗುಂಪಿಗೆ ಸಿಕ್ಕ ಗುಣದಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಇದನ್ನು ಓದಿದಾಗ ನನಗನ್ನಿಸಿದ್ದು, ಬರೀ ಮೈ ಸಡಿಲಿಸುವುದೇ ಉದ್ದೇಶವಾದರೆ ವರ್ಷಕ್ಕೆ ಸಾವಿರಾರು ರೂಪಾಯಿ ಯಾಕೆ ಕೊಡಬೇಕು? ನಮ್ಮ ಯೋಗದ ಮೇಷ್ಟ್ರು ಶವಾಸನದಲ್ಲಿ ಮಲಗಿಸಿ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಯೋಗನಿದ್ರೆ ಮಾಡಿಸುವುದಿಲ್ಲವೇ? ಕನ್ನಡದಲ್ಲೇ ಅದರ ಧ್ವನಿಮುದ್ರಣಗಳು ಬಿಟ್ಟಿಯಾಗಿ ಸಿಗುತ್ತವೆ.

ಆ್ಯಪಿನ ನಿಜವಾದ ಕಷ್ಟ ಬೇರೆ ಕಡೆ ಇದೆ. ನರ್ವಾ ಬಳಸಿದ 2,800ಕ್ಕೂ ಹೆಚ್ಚು ಜನರ ಮಾಹಿತಿ ತೆಗೆದು ನೋಡಿದ ಅಧ್ಯಯನವೊಂದು 2023ರಲ್ಲಿ ಬಂತು. ಪೂರ್ತಿ 42 ಪಾಠ ಮುಗಿಸಿದವರು ನೂರಕ್ಕೆ ಸುಮಾರು ಒಂಬತ್ತು ಜನ. ಮುಗಿಸಿ ನೋವಿನ ಲೆಕ್ಕ ಕೊಟ್ಟವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲಿಗೆ ನೋವು ಚೆನ್ನಾಗಿಯೇ ಇಳಿದಿತ್ತು. ಅಂದರೆ ಕೇಳಿಸಿಕೊಂಡವರಿಗೆ ಗುಣವಿದೆ, ಕೇಳಿಸಿಕೊಳ್ಳುವವರೇ ಇಲ್ಲ. ಆ್ಯಂಟಿಬಯಾಟಿಕ್ ಕೋರ್ಸನ್ನು ಮೂರನೇ ದಿನಕ್ಕೆ ನಿಲ್ಲಿಸುವ ಗಿರಾಕಿಗಳನ್ನು ದಿನಾ ನೋಡುವ ನನಗೆ ಇದರಲ್ಲಿ ಆಶ್ಚರ್ಯವಾಗಲಿಲ್ಲ. ಎದುರಿಗೆ ಒಬ್ಬರು ಕೂತು "ಹೋದ ವಾರ ಅಭ್ಯಾಸ ಮಾಡಿದ್ರಾ?" ಎಂದು ಕೇಳುತ್ತಾರೆ ಎನ್ನುವ ಒಂದೇ ಸಂಕೋಚಕ್ಕೆ ಮಾಡುವವರಿದ್ದಾರೆ. ನಾನೂ ಆ ಪೈಕಿಯೇ.

ಹಾಗೆ ಬೆಂಗಳೂರಿನ ಕ್ಲಿನಿಕಲ್ ಸೈಕಾಲಜಿಸ್ಟ್ ಒಬ್ಬರ ಬಳಿ ಹೋದೆ. ಮೊದಲ ದಿನ ಹಿಪ್ನಾಟಿಸಂ ಇಲ್ಲವೇ ಇಲ್ಲ, ಬರೀ ಪ್ರಶ್ನೆ. ಕೊಲೊನೋಸ್ಕೋಪಿ ರಿಪೋರ್ಟ್ ನೋಡಿದರು. ತೂಕ ಇಳಿದಿದೆಯಾ, ಮಲದಲ್ಲಿ ರಕ್ತ ಇತ್ತಾ, ರಾತ್ರಿ ನಿದ್ದೆಯಿಂದ ಎಬ್ಬಿಸುತ್ತದಾ ಎಂದು ಕೇಳಿದರು. ಫಿಟ್ಸ್ ಇತ್ತಾ, ಯಾರೂ ಇಲ್ಲದಾಗ ಮಾತು ಕೇಳಿಸುತ್ತದಾ, ಬದುಕು ಸಾಕು ಅನ್ನಿಸಿದ್ದುಂಟಾ ಎಂದೂ ಕೇಳಿದರು. ಹೊಟ್ಟೆನೋವಿಗೆ ಹೋದವಳಿಗೆ ಇದೆಲ್ಲ ಯಾಕೆ ಅನ್ನಿಸಿತು. ಸೈಕೋಸಿಸ್ ಇರುವವರಿಗೆ ಇದನ್ನು ಮಾಡಿದರೆ ಕಾಯಿಲೆ ಕೆರಳಬಹುದು, ತೀವ್ರ ಖಿನ್ನತೆ ಇದ್ದರೆ ಮೊದಲು ಅದರ ಚಿಕಿತ್ಸೆ ಆಗಬೇಕು ಎಂದು ವಿವರಿಸಿದರು. ಇವತ್ತಿಗೂ ಯೋಚಿಸುತ್ತೇನೆ: ಫೋನಿನ ಆ್ಯಪ್ ನನ್ನನ್ನು ಕೇಳಿದ್ದು ಇಮೇಲ್ ವಿಳಾಸ ಮತ್ತು ಯುಪಿಐ. ಕೆಳಗೆಲ್ಲೋ ಸಣ್ಣಕ್ಷರದಲ್ಲಿ ಎಚ್ಚರಿಕೆಗಳಿದ್ದವು, ಒಪ್ಪಿಗೆ ಎಂದು ಒತ್ತಿ ಮುಂದೆ ಹೋಗಿದ್ದೆ.

ಎರಡನೇ ಸಲ ಕುರ್ಚಿಯಲ್ಲಿ ಒರಗಿಸಿ, ಗೋಡೆಯ ಒಂದು ಚುಕ್ಕೆ ನೋಡಲು ಹೇಳಿ, ಕಣ್ಣು ಭಾರವಾದಾಗ ಮುಚ್ಚಿಸಿದರು. ಅಂಗೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡೆ. ಆ್ಯಪಿನಲ್ಲಿ ಆಗಿದ್ದೂ ಇದೇ, ಇಲ್ಲಿಯವರೆಗೆ. ಆಮೇಲೆ ಅವರು ಕೇಳಿದರು, "ನೀರು ಹರಿಯೋದು ಅಂದ್ರೆ ನಿಮ್ಗೆ ಏನು ನೆನಪಾಗುತ್ತೆ?"

ನನಗೆ ನೆನಪಾದದ್ದು ಅಪ್ಪನ ತೆಂಗಿನ ತೋಟ. ನಮ್ಮ ಕಡೆ ನದಿ ಎಲ್ಲಿಂದ ಬರಬೇಕು? ರಾತ್ರಿ ಯಾವ ಹೊತ್ತಿಗೋ ತ್ರೀಫೇಸ್ ಕರೆಂಟ್ ಬಂದರೆ ಪಂಪ್‌ಸೆಟ್ ಹಾಕಿ ನೀರು ಬಿಡುವುದು. ಅಪ್ಪ ಮುಂದೆ ಗುದ್ದಲಿ ಹಿಡಿದು, ನಾನು ಹಿಂದೆ ಬ್ಯಾಟರಿ ಹಿಡಿದು. ಒಂದು ಮರದ ಪಾತಿ ತುಂಬಿದರೆ ಒಂದು ಗುದ್ದಲಿ ಮಣ್ಣು ಎಳೆದು ಆ ಕಡೆಯ ಬಾಯಿ ಮುಚ್ಚಿ, ಮುಂದಿನ ಪಾತಿಯ ಬಾಯಿ ಬಿಡಿಸುವುದು. ನೀರು ಜೋರಾಗಿ ನುಗ್ಗಿದರೆ ಕಾಲುವೆ ಕೊಚ್ಚಿಹೋಗುತ್ತದೆ, ಬುಡದ ಮಣ್ಣು ಎದ್ದು ಬರುತ್ತದೆ, ಅಪ್ಪ ಬೈಯುತ್ತಿದ್ದರು. ಇಷ್ಟು ಹೇಳಿದೆ. ಆಕೆ ಅದನ್ನೇ ಹಿಡಿದುಕೊಂಡರು. ಈಗ ನೀರು ನುಗ್ಗಿ ಬರ್ತಾ ಇದೆ, ಗುದ್ದಲಿ ನಿಮ್ಮ ಕೈಯಲ್ಲೇ ಇದೆ, ಒಂದು ಹಿಡಿ ಮಣ್ಣು ಎಳೆಯಿರಿ, ಇನ್ನೊಂದು ಎಳೆಯಿರಿ, ಸಣ್ಣಗೆ ಬಿಡಿ, ಒಂದೊಂದೇ ಪಾತಿ... ಹೊಟ್ಟೆಯ ಬಿಗಿ ಸಡಿಲವಾಗುವುದು ಕೈಯಡಿಗೆ ಗೊತ್ತಾಯಿತು. ಕಣ್ಣು ಬಿಟ್ಟಾಗ ಅತ್ತಿದ್ದೆ, ಯಾಕೆ ಎಂದು ಆಕೆಯೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಅಲ್ಲಿಂದ ಮುಂದೆ ಆಕೆ ಇದನ್ನು ತಮ್ಮದೇ ದನಿಯಲ್ಲಿ ನನ್ನ ಫೋನಿಗೆ ರೆಕಾರ್ಡ್ ಮಾಡಿಕೊಟ್ಟರು. ಮನೆಯಲ್ಲಿ ದಿನಾ ಅದನ್ನೇ ಹಾಕಿಕೊಳ್ಳುವುದು. ಮ್ಯಾಂಚೆಸ್ಟರಿನವರೂ ರೋಗಿಗಳ ಕೈಗೆ ಕ್ಯಾಸೆಟ್ ಕೊಟ್ಟು ಕಳಿಸುತ್ತಿದ್ದರು ಎನ್ನುವುದನ್ನು ಆಮೇಲೆ ಓದಿದೆ. ಒಳ್ಳೆ ಥೆರಪಿಸ್ಟ್ ಮಾಡುವುದೇ ನಿಮ್ಮನ್ನು ಬೇಗ ಸ್ವಂತ ಅಭ್ಯಾಸಕ್ಕೆ ಬಿಡುವುದು. ಒಂದು ದಿನ ಇಯರ್‌ಫೋನ್ ಕಳಚಿ ದನಿ ಹೊರಗೆ ಬಂದುಬಿಟ್ಟಿತು. ಅತ್ತೆ ಅಡುಗೆಮನೆಯಿಂದ, "ಯಾರಮ್ಮ ಅದು, ಈ ಹೊತ್ತಲ್ಲಿ ತೋಟಕ್ಕೆ ನೀರು ಬಿಡ್ಸ್ತಿರೋರು?" ಎಂದರು.

ನನ್ನ ಐಬಿಎಸ್ ಹೋಗಿಲ್ಲ. ಹಾಲು, ಹೆಚ್ಚು ಬೆಳ್ಳುಳ್ಳಿ ಈಗಲೂ ಆಗುವುದಿಲ್ಲ. ಆದರೆ ನೋವು ಎಷ್ಟೋ ಕಡಿಮೆ, ಬೆಳಗಿನ ಓಡಾಟ ಕಡಿಮೆ, ಮಾತ್ರೆ ಕಡಿಮೆ. ಇದು ಎಲ್ಲರಿಗೂ ಹೀಗೆಯೇ ಆಗುತ್ತದೆ ಎನ್ನಲಾರೆ. ನೆದರ್ಲೆಂಡ್ಸಿನಲ್ಲಿ 354 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಮಾಡಿದ್ದಕ್ಕಿಂತ ಗುಂಪಿನಲ್ಲಿ ಮಾಡಿದ್ದು ತೀರಾ ಹಿಂದೇನೂ ಬೀಳಲಿಲ್ಲ. ಗುಂಪಿನಲ್ಲಿ ಎಲ್ಲರ ಅಪ್ಪನ ತೋಟದ ಕಥೆ ಕೇಳಲಾಗುವುದಿಲ್ಲವಲ್ಲ! ಸಿದ್ಧ ಪಾಠವೇ ಸಾಕಾಗುವವರೂ ಇದ್ದಾರೆ ಎಂದಾಯಿತು. ವಿಡಿಯೋ ಕಾಲ್ ಮೂಲಕ ಮಾಡಿಸಿಕೊಂಡವರಲ್ಲೂ ಬಹಳ ಜನಕ್ಕೆ ಫಲ ಸಿಕ್ಕಿದೆ. ಹಾಗಾಗಿ ನಮ್ಮಂಥ ತಾಲ್ಲೂಕು ಊರಿನವರು ಪ್ರತಿಸಲ ರೈಲು ಹತ್ತಬೇಕಾಗಿಲ್ಲ.

ಅಂಗಡಿಯಲ್ಲಿ ನಾನು ಮಾಡುವ ವಿಂಗಡಣೆಯನ್ನೇ ಇಲ್ಲಿಯೂ ಮಾಡುತ್ತೇನೆ: ಚೀಟಿ ಇಲ್ಲದೆ ಕೊಡಬಹುದಾದದ್ದು, ಚೀಟಿ ಬೇಕೇಬೇಕಾದದ್ದು. ಹಾಸಿಗೆಗೆ ಹೋದ ಮೇಲೆ ತಲೆ ಓಡುತ್ತಲೇ ಇರುತ್ತದೆ, ಸ್ಟೇಜ್ ಹತ್ತುವ ಮೊದಲು ಎದೆ ಹೊಡೆದುಕೊಳ್ಳುತ್ತದೆ, ಹಲ್ಲು ಕೀಳಿಸುವ ಹೆದರಿಕೆ, ಡಾಕ್ಟರ್ ನೋಡಿ ಐಬಿಎಸ್ ಎಂದು ಖಾತ್ರಿ ಮಾಡಿದ ಹೊಟ್ಟೆ. ಇಂಥವಕ್ಕೆ ಆ್ಯಪ್ ಹಾಕಿಕೊಂಡು ಒಂದೆರಡು ತಿಂಗಳು ನೋಡಿ, ನಷ್ಟವಿಲ್ಲ. ಗಾಡಿ ಓಡಿಸುವಾಗ ಮಾತ್ರ ಹಾಕಬೇಡಿ. ಉಚಿತ ಅವಧಿ ಮುಗಿದ ಮೇಲೆ ದುಡ್ಡು ತಾನಾಗಿ ಕಟ್ಟಾಗುತ್ತದೆ, ಬರೀ ಆ್ಯಪ್ ಅಳಿಸಿದರೆ ಅದು ನಿಲ್ಲುವುದಿಲ್ಲ. ಯುಪಿಐಯಲ್ಲಿ ಆಟೋಪೇ ಎನ್ನುವ ಕಡೆ ಹೋಗಿ ರದ್ದುಮಾಡಿ. ಐವತ್ತು ದಾಟಿದ ಮೇಲೆ ಹೊಸದಾಗಿ ಹೊಟ್ಟೆಯ ಅಭ್ಯಾಸ ಬದಲಾಗಿದ್ದರೆ, ರಕ್ತ ಹೋಗುತ್ತಿದ್ದರೆ, ತೂಕ ಇಳಿಯುತ್ತಿದ್ದರೆ, ರಕ್ತಹೀನತೆ ಇದ್ದರೆ ಯಾವ ದನಿಯೂ ಬೇಡ, ಮೊದಲು ಡಾಕ್ಟರು. ಅದು ಕ್ಯಾನ್ಸರಾಗಿದ್ದರೆ ಆ್ಯಪ್ ಕೇಳುತ್ತ ಕಳೆದ ತಿಂಗಳುಗಳು ವಾಪಸ್ಸು ಬರುವುದಿಲ್ಲ.

ಚಿಕ್ಕಂದಿನಲ್ಲಿ ಯಾರೋ ಕೈಹಾಕಿದ್ದರು, ಅಪಘಾತದ ದೃಶ್ಯ ಕಣ್ಣಿಂದ ಹೋಗುತ್ತಿಲ್ಲ, ಸತ್ತರೆ ಸಾಕು ಅನ್ನಿಸುತ್ತಿದೆ ಎನ್ನುವುದೆಲ್ಲ ಚೀಟಿಯ ಪೈಕಿ. ಕಣ್ಣುಮುಚ್ಚಿ ಒಳಗೆ ಇಳಿದಾಗ ಅದೇ ಎದ್ದು ಬಂದರೆ ಹಿಡಿದುಕೊಳ್ಳಲು ಪಕ್ಕದಲ್ಲಿ ತಿಳಿದವರೊಬ್ಬರು ಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ, 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮೂರಿನಲ್ಲಿ ಯಾವ ಮಂಗಳವಾರ ಎಂದು ಆಸ್ಪತ್ರೆಯಲ್ಲಿ ವಿಚಾರಿಸಿ.

ಹಾಗಾದರೆ ಮನುಷ್ಯರೇ ಮೇಲು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮಲ್ಲಿ ಹಿಪ್ನೋಥೆರಪಿಸ್ಟ್ ಎಂಬ ಬೋರ್ಡು ಹಾಕಿಕೊಳ್ಳಲು ಏನು ಓದಿರಬೇಕು? ನಾನು ಮಾತ್ರೆ ಮಾರಬೇಕಾದರೆ ಫಾರ್ಮಸಿ ಕೌನ್ಸಿಲ್ ನೋಂದಣಿ ಬೇಕು, ಲೈಸೆನ್ಸ್ ಗೋಡೆಗೆ ತೂಗುಹಾಕಿರಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2003ರಲ್ಲೇ ಹಿಪ್ನೋಥೆರಪಿಯನ್ನು ಚಿಕಿತ್ಸೆಯ ಒಂದು ವಿಧಾನವೆಂದು ಒಪ್ಪಿ, ತಕ್ಕ ತರಬೇತಿ ಇದ್ದವರು ಮಾಡಬಹುದು ಎಂದಿತು. ಹಿಪ್ನೋಥೆರಪಿಸ್ಟ್ ಎನ್ನುವವರಿಗೆಂದೇ ನನ್ನಂಥ ಒಂದು ಲೈಸೆನ್ಸ್ ಇಲ್ಲ. ಹಾಗಾಗಿ ಭಾನುವಾರದ ಎರಡು ತರಗತಿ ಮುಗಿಸಿದವರೂ ಅದೇ ಬೋರ್ಡು ಹಾಕುತ್ತಾರೆ, ಹತ್ತು ವರ್ಷ ಮನೋವಿಜ್ಞಾನ ಓದಿ ದುಡಿದವರೂ ಅದನ್ನೇ ಹಾಕುತ್ತಾರೆ. ಸೈಕಾಲಜಿಸ್ಟ್ ಹುಡುಕುವ ಮೊದಲು ನಾನು ಫೋನ್ ಮಾಡಿದ ಒಂದು ಕಡೆ, ನನ್ನ ಹೆಸರು ಕೇಳುವ ಮುಂಚೆಯೇ ಪ್ಯಾಕೇಜ್ ರೇಟು ಹೇಳಿ, "ಹಂಡ್ರೆಡ್ ಪರ್ಸೆಂಟ್ ಗ್ಯಾರಂಟಿ ಮೇಡಂ" ಎಂದರು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಎಂಬುದೊಂದು 1954ರಿಂದ ಇದೆ, ಬಿ.ಫಾರ್ಮ್‌ನಲ್ಲಿ ನಮಗದು ಪಾಠ. ಗ್ಯಾರಂಟಿ ಎನ್ನುವ ಮಾತು ಕೇಳಿದರೆ ನನಗೆ ಅದೇ ನೆನಪಾಗುತ್ತದೆ.

ಹುಡುಕುವುದಾದರೆ ಹೀಗೆ ಹುಡುಕಿ: ಮೊದಲು ಅವರು ಕ್ಲಿನಿಕಲ್ ಸೈಕಾಲಜಿಸ್ಟೋ ಮನೋವೈದ್ಯರೋ ನೋಡಿ, ಹಿಪ್ನೋಸಿಸ್ ಅವರ ಕೈಯಲ್ಲಿರುವ ಹತ್ತು ಉಪಕರಣಗಳಲ್ಲಿ ಒಂದಾಗಿರಲಿ. ಕ್ಲಿನಿಕಲ್ ಸೈಕಾಲಜಿಸ್ಟರಿಗೆ ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾದ ನೋಂದಣಿ ಸಂಖ್ಯೆ ಇರುತ್ತದೆ, ಮನೋವೈದ್ಯರಿಗೆ ಮೆಡಿಕಲ್ ಕೌನ್ಸಿಲಿನದು. ಕೇಳಿದರೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗಬೇಡಿ. ನಾನು ವಿಚಾರಿಸಿದ ಕಡೆ ಒಂದು ಸಲಕ್ಕೆ ಸಾವಿರದಿಂದ ಮೂರು ಸಾವಿರದವರೆಗೆ ಹೇಳಿದರು. ಐಬಿಎಸ್‌ಗೆ ಏಳರಿಂದ ಹನ್ನೆರಡು ಸಲ ಎನ್ನುವುದು ಅಧ್ಯಯನಗಳಲ್ಲಿ ಕಾಣುವ ಲೆಕ್ಕ. ಕೊನೆಯೇ ಇಲ್ಲದಂತೆ ಬರಹೇಳುವವರಿದ್ದರೆ ಅನುಮಾನಪಡಿ.

ಮತ್ತೆ, ಪೂರ್ವಜನ್ಮಕ್ಕೆ ಕರೆದೊಯ್ಯುತ್ತೇವೆ ಎನ್ನುವವರು. ಬ್ರಯಾನ್ ವೈಸ್ ಎಂಬ ಅಮೆರಿಕದ ಮನೋವೈದ್ಯ 1988ರಲ್ಲಿ ಬರೆದ ಪುಸ್ತಕದಿಂದ ಇದಕ್ಕೆ ದೊಡ್ಡ ಮಾರುಕಟ್ಟೆ ಹುಟ್ಟಿತು, 2009ರಲ್ಲಿ ಹಿಂದಿ ಟಿವಿಯಲ್ಲಿ ರಿಯಾಲಿಟಿ ಷೋ ಕೂಡ ಬಂತು. ಹಿಪ್ನೋಸಿಸ್ಸಿನಲ್ಲಿ ಹೊರಬರುವ ನೆನಪು ನಂಬಲರ್ಹವಲ್ಲ, ಅದರಲ್ಲಿ ಕಟ್ಟುಕಥೆ ಸೇರಿಕೊಳ್ಳುತ್ತದೆ, ಹೇಳುವವರಿಗೆ ಮಾತ್ರ ಅದು ನಿಜವೆಂಬ ಖಾತ್ರಿ ಇನ್ನೂ ಹೆಚ್ಚಾಗುತ್ತದೆ ಎಂದು ಅಮೆರಿಕದ ವೈದ್ಯರ ಸಂಘ 1985ರಲ್ಲೇ ವರದಿ ಕೊಟ್ಟಿದೆ. ಪುನರ್ಜನ್ಮವನ್ನು ನಂಬುವುದು ಬಿಡುವುದು ಅವರವರ ಇಷ್ಟ. ಆದರೆ ಹೋದ ಜನ್ಮದಲ್ಲಿ ನಿಮ್ಮ ಅತ್ತೆಯೇ ನಿಮಗೆ ವಿಷ ಹಾಕಿದ್ದಳು ಎಂದು ಯಾರೋ ತಲೆಗೆ ಹಾಕಿ ಕಳಿಸಿದರೆ, ಈ ಜನ್ಮದಲ್ಲಿ ಅಡುಗೆಮನೆ ಹಂಚಿಕೊಂಡಿರುವವರು ನೀವು. ಇಂಥವರ ಮುಂದೆ ಸಮುದ್ರದ ಅಲೆ ಕೇಳಿಸುವ ಆ್ಯಪ್ ಎಷ್ಟೋ ವಾಸಿ.

ಈಚೆಗೆ ಜೂನಿಯರ್ ಕಾಲೇಜಿನ ಲೆಕ್ಚರರ್ ಒಬ್ಬರು ಬಂದಿದ್ದರು. ಯಜಮಾನರಿಗೆ ಸಿಗರೇಟು ಬಿಡಿಸಬೇಕು, ಹಿಪ್ನೋಸಿಸ್ ಆ್ಯಪ್ ಹಾಕಿಕೊಡಲೇ, ಬೆಂಗಳೂರಿಗೆ ಕರೆದುಕೊಂಡು ಹೋಗಲೇ ಎಂದು ಕೇಳಿದರು. ಸಿಗರೇಟಿನ ವಿಷಯದಲ್ಲಿ ಎರಡರ ಪರವಾಗಿಯೂ ನನ್ನ ಬಳಿ ಹೇಳಲು ಹೆಚ್ಚಿಲ್ಲ. ನಡೆದಿರುವ ಅಧ್ಯಯನಗಳನ್ನೆಲ್ಲ ಒಟ್ಟುಹಾಕಿ ನೋಡಿದ ಕಾಕ್ರೇನ್ ವಿಮರ್ಶೆ 2019ರಲ್ಲಿ, ಸಿಗರೇಟು ಬಿಡಿಸುವುದರಲ್ಲಿ ಹಿಪ್ನೋಥೆರಪಿ ಬೇರೆ ವಿಧಾನಗಳಿಗಿಂತ ಮೇಲು ಎನ್ನಲು ಪುರಾವೆ ಸಾಲದು ಎಂದಿದೆ. ಅದನ್ನೇ ಹೇಳಿದೆ. 1800-11-2356 ಎಂಬ ಬಿಟ್ಟಿ ಕ್ವಿಟ್‌ಲೈನ್ ನಂಬರನ್ನು ಬಿಲ್ಲಿನ ಹಿಂದೆ ಬರೆದುಕೊಟ್ಟೆ.

"ಹಂಗಾದ್ರೆ ಆ್ಯಪ್ ಬೇಡ್ವೇ ಬೇಡ್ವಾ ಮೇಡಂ?"

"ಅವ್ರಿಗೆ ಇಷ್ಟ ಇದ್ರೆ ಹಾಕ್ಕೊಳ್ಲಿ, ಸಿಗರೇಟ್ ನೆನಪಾದಾಗ ಹತ್ತು ನಿಮಿಷ ಕಳೆಯಕ್ಕೆ ಆಗುತ್ತೆ. ಅದರ ಜೊತೆಗೆ ಇದು ತಗೊಂಡು ಹೋಗಿ" ಎಂದು ಎರಡು ಮಿಲಿಗ್ರಾಮಿನ ನಿಕೋಟಿನ್ ಗಮ್ ಕೊಟ್ಟೆ. ಚಾಕ್ಲೇಟಿನ ಹಾಗೆ ಒಂದೇ ಸಮ ಅಗಿಯಬಾರದು, ಬಾಯಿ ಚುರುಗುಟ್ಟಿದ ಕೂಡಲೇ ಕೆನ್ನೆಯ ಪಕ್ಕಕ್ಕೆ ಒತ್ತಿ ಇಟ್ಟುಕೊಳ್ಳಬೇಕು, ಅದಕ್ಕೆ ಕಾಲು ಗಂಟೆ ಮೊದಲು ಕಾಫಿ ಕುಡಿಯಬಾರದು ಎಂದು ಹೇಳಿದೆ. ಕಾಫಿ ವಿಷಯಕ್ಕೆ ಆಕೆ ತಲೆ ಅಲ್ಲಾಡಿಸಿದರು. "ಅದೊಂದು ಆಗೋ ಮಾತಲ್ಲ ಮೇಡಂ, ಅದಕ್ಕೇನಾದ್ರೂ ಆ್ಯಪ್ ಇದ್ರೆ ಹೇಳಿ."